ಕತ್ತಿಯ ಬೆನ್ನು, ಕತ್ತಿಯ ಬಾಯಿ

ಮಕ್ಕಳೇ, ಕನ್ನಡದಲ್ಲಿ ಇಂಥದ್ದಕ್ಕೆಲ್ಲ ಶಬ್ದವೇ ಇಲ್ಲವೆಂದು ನೀವು ಆಗಾಗ ಮೂಗು ಮುರಿಯುವುದುಂಟು. ಕಂಪ್ಯೂಟರ್ ಆಟದಲ್ಲಿ ದಿನವೂ ಬೀಸುವ ಕತ್ತಿಯನ್ನೇ ತೆಗೆದುಕೊಳ್ಳಿ. ಹಿಡಿಯಿಂದ ಮುಂದೆ ಚಾಚಿದ್ದು ಅಲಗು. ಅದರ ತುದಿ ಮೊನೆ, ಹರಿತವಾದ ಅಂಚು ಬಾಯಿ, ಎದುರಿನ ದಪ್ಪ ಅಂಚು ಬೆನ್ನು, ಕತ್ತಿ ಮಲಗುವ ಮನೆ ಒರೆ. ಕೆಲವು ಅಲಗುಗಳ ಉದ್ದಕ್ಕೂ ಒಂದು ತೋಡು ಇರುತ್ತದೆ. ರಕ್ತ ಹರಿಯಲೆಂದು ಮಾಡಿದ್ದೆನ್ನುವುದು ಕಟ್ಟುಕತೆ! ಬಲ ಕುಂದದಂತೆ ತೂಕ ಇಳಿಸುವ ಉಪಾಯ ಅದು.

ಬಾಗು ಬರಿಯ ಅಂದಕ್ಕಲ್ಲ. ತಲವಾರಿಗೆ ಹೊರಬಾಗಿನಲ್ಲಿ ಬಾಯಿ. ಬೀಸಿದಾಗ ಜಾರುತ್ತಾ ಸೀಳುತ್ತದೆ. ಕೊಡವರ ಒಡಿಕತ್ತಿ ಇದಕ್ಕೆ ತದ್ವಿರುದ್ಧ. ಅಗಲವಾದ ಅಲಗು ಮುಂದಕ್ಕೆ ಬಾಗಿದೆ, ಬಾಯಿ ಒಳಬಾಗಿನಲ್ಲಿದೆ. ಭಾರವೆಲ್ಲ ತುದಿಯ ಕಡೆಗಿರುವುದರಿಂದ ಪೆಟ್ಟು ಕೊಡಲಿಯಂತೆ ಬೀಳುತ್ತದೆ. ಅದಕ್ಕೆ ಒರೆಯಿಲ್ಲ, ಸೊಂಟದ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಗೆ ಸಿಕ್ಕಿಸುತ್ತಾರೆ. ಮುಂದೆ ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಪೀಚೆಕತ್ತಿಗಾದರೆ ಒರೆಯೂ ಉಂಟು, ಬೆಳ್ಳಿಯ ಕುಸುರಿಯೂ ಉಂಟು.

ನಿಮ್ಮ ಅಜ್ಜಿಯ ಮೆಟ್ಟುಕತ್ತಿಯನ್ನು, ಘಟ್ಟದ ಮೇಲಿನವರ ಈಳಿಗೆಮಣೆಯನ್ನು, ಒಮ್ಮೆ ನೋಡಿ. ಅದರ ಬಾಯಿಯೂ ಒಳಬಾಗಿನಲ್ಲೇ! ಒತ್ತಿದ ತರಕಾರಿ ಜಾರಿ ಹೋಗದು. ಕುಡುಗೋಲಿನ ಗುಟ್ಟೂ ಅದೇ.

ಇನ್ನು ಅಲಗಿನ ಜೀವವಾದ ಉಕ್ಕು. ಮೈಮೇಲೆ ಅಲೆಯಲೆಯಾಗಿ ಗೆರೆ ಮೂಡಿದ ಹಳೆಯ 'ಡಮಾಸ್ಕಸ್' ಕತ್ತಿಗಳ ಹೆಸರು ಕೇಳಿದ್ದೀರಲ್ಲ? ಅಂಥ ಕತ್ತಿಗಳಿಗೆ ದಕ್ಷಿಣ ಭಾರತದಿಂದ ಉಕ್ಕು ಹೋಗುತ್ತಿತ್ತು. ಕಬ್ಬಿಣವನ್ನು ಕಟ್ಟಿಗೆ, ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಗಂಟೆಗಟ್ಟಲೆ ಕಾಸಿದರೆ, ಅದು ಇಂಗಾಲ ಹೀರಿ ಉಕ್ಕಾಗುತ್ತಿತ್ತು. 1794ರಲ್ಲಿ ಇದೇ ಬೊಂಬಾಯಿಯಿಂದ ಡಾ. ಹೆಲೆನಸ್ ಸ್ಕಾಟ್ ಎಂಬವರು ಅದರ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜೋಸೆಫ್ ಬ್ಯಾಂಕ್ಸ್‌ರಿಗೆ ಕಳುಹಿಸಿದರು. ಮರುವರ್ಷ ಜಾರ್ಜ್ ಪಿಯರ್ಸನ್ ಬರೆದ ಪ್ರಬಂಧದಲ್ಲಿ ಅದು 'ವೂಟ್ಸ್' ಎಂದು ಅಚ್ಚಾಯಿತು. ಯಾವ ಭಾಷೆಯ ಶಬ್ದ ಇದು? ಬಿ.ಎ.ಗೆ ಇಂಗ್ಲಿಷ್ ಓದಿದ ನನಗೆ ನಿಘಂಟು ತಿರುವುವ ಚಟ. ಆಕ್ಸ್‌ಫರ್ಡ್ ನಿಘಂಟಿನ ಪ್ರಕಾರ ಅದು 'ವೂಕ್' ಎಂಬುದರ ಅಚ್ಚಿನ ತಪ್ಪಿರಬೇಕು. ಮೂಲ ಕನ್ನಡದ ಉಕ್ಕು! (ತೆಲುಗರೂ ಉಕ್ಕು ಎಂದೇ ಹೇಳುತ್ತಾರೆ, ಜಗಳ ಬೇಡ.) ಮುಂದೆ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿಯೂ ಈ ಉಕ್ಕಿನ ಗುಟ್ಟು ಹುಡುಕುತ್ತಾ ಕುಳಿತರು.

ಮುಂದಿನ ರಜೆಗೆ ಬಾಂದ್ರಾದಿಂದ ಚರ್ಚ್‌ಗೇಟ್ ಲೋಕಲ್ ಹಿಡಿದು, ಫೋರ್ಟ್‌ನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಆಯುಧಗಳ ವಿಭಾಗಕ್ಕೆ ಹೋಗಿ ಬನ್ನಿ. ಪ್ರತಿ ಕತ್ತಿಯ ಮುಂದೆ ನಿಂತು, ಬಾಯಿ ಒಳಬಾಗಿನಲ್ಲಿದೆಯೋ ಹೊರಬಾಗಿನಲ್ಲಿದೆಯೋ ಗಮನಿಸಿ. ಆಮೇಲೆ ಸ್ವಲ್ಪ ಓರೆಯಾಗಿ ನಿಂತು, ಬೆಳಕಿನಲ್ಲಿ ಅಲಗಿನ ಮೇಲೆ ಆ ಅಲೆಗಳನ್ನು ಹುಡುಕಿ.