ಊರ ಗಾಳಿಯ ಸರಾಸರಿ, ಗಬ್ಬೂರಿನ ಉಸಿರು

ಹುಬ್ಬಳ್ಳಿಯ ಅಂಚಿನ ಗಬ್ಬೂರ, ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವ ಲಾರಿ ಚಾಲಕರಿಗೆಲ್ಲ ಗೊತ್ತು. ನರೇಂದ್ರದ ಕಡೆಗೆ ಹೋಗುವ ಬೈಪಾಸ್ ಶುರುವಾಗುವುದು ಇಲ್ಲಿಂದಲೇ. ಹೆದ್ದಾರಿಯ ಬದಿಯಲ್ಲಿ ಒಂದು ತಾಸು ನಿಂತವರಿಗೆ ಗಾಳಿ ಕೆಟ್ಟಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದರಿಂದ ಯಾರಿಗೆ, ಎಷ್ಟು ಅಪಾಯ? ಇದನ್ನು ಕಣ್ಣು, ಮೂಗು ಹೇಳಲಾರವು.

ಈ ಲೆಕ್ಕವನ್ನು ಜಗತ್ತಿಗೆ ಕಲಿಸಿದ್ದು ಒಂದು ದುರಂತ. 1952ರ ಡಿಸೆಂಬರ್‌ನಲ್ಲಿ ಕಲ್ಲಿದ್ದಲ ಹೊಗೆ ಬೆರೆತ ಮಂಜು ಲಂಡನ್ ನಗರವನ್ನು ಐದು ದಿನ ಮುಚ್ಚಿತ್ತು. ವಾಡಿಕೆಯ ಸಾವುಗಳಿಗಿಂತ ಹೆಚ್ಚಾದುದನ್ನು ಎಣಿಸಿದಾಗ ಸುಮಾರು 4000 ಎಂದು ತಿಳಿಯಿತು. ಮುಂದಿನ ಸಂಶೋಧಕರು ಅದನ್ನು 12000ದವರೆಗೂ ಒಯ್ದರು. ಹೊಗೆ ಕೊಲ್ಲುವುದು ಹೀಗೆಯೇ, ಸದ್ದಿಲ್ಲದೆ, ಅಂಕಿಗಳಲ್ಲಿ ಅಡಗಿ.

ಇಂದು ತಜ್ಞರು ಮುಖ್ಯವಾಗಿ ಅಳೆಯುವುದು 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು. ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿನಷ್ಟಿರುವ ಇವು ಶ್ವಾಸಕೋಶದ ಆಳಕ್ಕಿಳಿದು ಹೃದಯವನ್ನೂ ಬಾಧಿಸುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂಬುದು ಭಾರತದ 2009ರ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಕೇವಲ 5. ಈ ಕಣಗಳು ದೀರ್ಘಕಾಲ 10 ಮೈಕ್ರೋಗ್ರಾಂ ಹೆಚ್ಚಾದರೆ ಸಾವಿನ ಪ್ರಮಾಣ ಸುಮಾರು ಶೇ 8ರಷ್ಟು ಏರುತ್ತದೆ ಎಂಬುದು ಹಲವು ಅಧ್ಯಯನಗಳ ಒಟ್ಟು ಸಾರ. ಅಂದರೆ 100 ಸಾವು ಆಗುವಲ್ಲಿ 108. ಆ ಎಂಟು ಮಂದಿ ಯಾರೆಂದು ಮಾತ್ರ ಯಾವ ವೈದ್ಯರೂ ಬೆರಳಿಟ್ಟು ತೋರಿಸಲಾರರು. ಇದು ಒಬ್ಬರ ಜಾತಕವಲ್ಲ, ಜನಸಮುದಾಯದ ಲೆಕ್ಕ.

ಸತತ ಐದು ವರ್ಷ ಮಾನದಂಡ ಮೀರಿದ ನಗರಗಳಿಗೆಂದು ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿತು. ಬೆಂಗಳೂರು, ದಾವಣಗೆರೆ, ಕಲಬುರಗಿಗಳ ಜೊತೆ ಹುಬ್ಬಳ್ಳಿ-ಧಾರವಾಡವೂ ಆ ಪಟ್ಟಿ ಸೇರಿತು.

ಆದರೆ ನಗರದ ಅಂಕಿಯೇ ನಮ್ಮ ಅಪಾಯದ ಅಂಕಿಯಲ್ಲ. ಗಾಳಿ ಗುಣಮಟ್ಟ ಸೂಚ್ಯಂಕದಲ್ಲಿ ಒಂದು ದಿನಕ್ಕೆ 60 ಮೈಕ್ರೋಗ್ರಾಂವರೆಗೂ ‘ಸಮಾಧಾನಕರ’ವೇ; ವಿಶ್ವ ಆರೋಗ್ಯ ಸಂಸ್ಥೆಯ ದಿನದ ಮಿತಿಗೆ ಇದು ನಾಲ್ಕು ಪಟ್ಟು. ಮೇಲಾಗಿ ಹೆಚ್ಚಿನ ಊರುಗಳಲ್ಲಿ ಮಾಪನ ಕೇಂದ್ರಗಳು ಬೆರಳೆಣಿಕೆಯಷ್ಟೇ. ಒಳಗೆ ಹೋಗುವ ವಿಷದ ಪ್ರಮಾಣ ಮೂರರ ಗುಣಾಕಾರ: ಗಾಳಿಯಲ್ಲಿ ಎಷ್ಟಿದೆ, ಎಷ್ಟು ಉಸಿರು ಎಳೆಯುತ್ತೇವೆ, ಎಷ್ಟು ಹೊತ್ತು ಅಲ್ಲಿರುತ್ತೇವೆ. ಕಿಟಕಿ ಮುಚ್ಚಿದ ಕಾರಿನಲ್ಲಿ ಹೆದ್ದಾರಿ ದಾಟುವವನಿಗೂ, ಅಲ್ಲೇ ದಿನವಿಡೀ ಪಂಕ್ಚರ್ ತಿದ್ದುವವನಿಗೂ ಊರಿನ ಸರಾಸರಿ ಒಂದೇ. ಉಸಿರು ಒಂದೇ ಅಲ್ಲ. ಮಕ್ಕಳು ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆಯುತ್ತಾರೆ. ಮುದುಕರಿಗೆ, ಉಬ್ಬಸದವರಿಗೆ ಅದೇ ಗಾಳಿ ಹೆಚ್ಚು ಭಾರ.

ಆದ್ದರಿಂದ ಇಡೀ ನಗರದ ಅಂಕಿ ಇಳಿಯಿತೆಂಬ ಸುದ್ದಿ ಕೇಳಿದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಅಳೆದದ್ದು ಎಲ್ಲಿ? ದಿನವಿಡೀ ರಸ್ತೆ ಬದಿಯಲ್ಲಿ ದುಡಿಯುವವನ ಮೂಗಿನ ಎತ್ತರದಲ್ಲಿ ಅಳೆಯುವವರೆಗೆ ಆ ಲೆಕ್ಕ ಅರ್ಧವೇ.