ಬೆಳಗಿನ ಪ್ರತಿಜ್ಞೆಯೂ ಪ್ರಶ್ನೆ ಕೇಳುವ ಮಗುವೂ

1985ರ ಜುಲೈ ತಿಂಗಳಲ್ಲಿ ಕೇರಳದ ಕೊಟ್ಟಾಯಂ ಜಿಲ್ಲೆಯ ಒಂದು ಪ್ರೌಢಶಾಲೆಯಿಂದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ಮೂವರೂ ಒಂದೇ ಮನೆಯವರು. ಹತ್ತು, ಒಂಬತ್ತು ಮತ್ತು ಐದನೆಯ ತರಗತಿಗಳಲ್ಲಿ ಓದುತ್ತಿದ್ದವರು. ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ಎಲ್ಲರೊಡನೆ ನೆಟ್ಟಗೆ ನಿಂತಿದ್ದರೂ ಅವರು ಬಾಯಿ ತೆರೆಯುತ್ತಿರಲಿಲ್ಲ. ಅದೇ ಅವರ ಅಪರಾಧ. ಆ ಕುಟುಂಬ ‘ಯೆಹೋವನ ಸಾಕ್ಷಿಗಳು’ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ್ದು. ದೇವರನ್ನು ಬಿಟ್ಟು ಬೇರೆ ಯಾವುದಕ್ಕೂ ಸ್ತುತಿರೂಪದ ಹಾಡು ಸಲ್ಲದು ಎಂಬುದು ಆ ಪಂಥದವರ ನಂಬಿಕೆ. ಯಾವ ದೇಶದ ರಾಷ್ಟ್ರಗೀತೆಯನ್ನೂ ಅವರು ಹಾಡುವುದಿಲ್ಲ.

ಮಕ್ಕಳು ವರ್ಷಗಟ್ಟಲೆ ಹಾಗೆಯೇ ನಿಲ್ಲುತ್ತಿದ್ದರು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಒಬ್ಬ ಶಾಸಕರ ಕಣ್ಣಿಗೆ ಇದು ಬಿದ್ದು ವಿಧಾನಸಭೆಯಲ್ಲಿ ಪ್ರಶ್ನೆಯಾದಾಗ ವಿಚಾರಣೆಗೆ ಒಂದು ಆಯೋಗವೇ ನೇಮಕವಾಯಿತು. ಮಕ್ಕಳು ವಿಧೇಯರು, ರಾಷ್ಟ್ರಗೀತೆಗೆ ಯಾವ ಅಗೌರವವನ್ನೂ ತೋರಿಲ್ಲ ಎಂದೇ ಆಯೋಗ ವರದಿ ಮಾಡಿತು. ಆದರೂ ಶಿಕ್ಷಣ ಇಲಾಖೆಯ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಅವರನ್ನು ಹೊರಗೆ ಕಳುಹಿಸಿದರು. ಕೇರಳದ ಹೈಕೋರ್ಟ್ ಮಕ್ಕಳ ಅರ್ಜಿಯನ್ನು ತಳ್ಳಿಹಾಕಿತು. ಕೊನೆಗೆ 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಅವರ ಪೀಠ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು.

ಬಿಜೋ ಇಮ್ಯಾನ್ಯುಯೆಲ್ ಪ್ರಕರಣವೆಂದೇ ಹೆಸರಾದ ಆ ತೀರ್ಪಿನ ತರ್ಕ ಸರಳವಾದದ್ದು. ರಾಷ್ಟ್ರಗೌರವಕ್ಕೆ ಅಪಮಾನವನ್ನು ತಡೆಯುವ 1971ರ ಕಾಯಿದೆ ಶಿಕ್ಷಿಸುವುದು ರಾಷ್ಟ್ರಗೀತೆ ಹಾಡುವವರನ್ನು ಬೇಕೆಂದೇ ತಡೆಯುವವರನ್ನು, ಹಾಡುವ ಸಭೆಗೆ ಅಡ್ಡಿಪಡಿಸುವವರನ್ನು. ಪ್ರತಿಯೊಬ್ಬರೂ ಹಾಡಲೇಬೇಕೆಂದು ಯಾವ ಕಾನೂನೂ ಹೇಳಿಲ್ಲ. ಗೌರವದಿಂದ ಎದ್ದು ನಿಲ್ಲುವುದೂ ಗೌರವವೇ. ಮಾತನಾಡುವ ಸ್ವಾತಂತ್ರ್ಯದೊಳಗೆ ಸುಮ್ಮನಿರುವ ಸ್ವಾತಂತ್ರ್ಯವೂ ಸೇರಿದೆ.

ಸುದ್ದಿ ಓದಿದ ಅನೇಕರಿಗೆ ಆಗಲೂ ಈಗಲೂ ಬರುವ ಪ್ರಶ್ನೆ ಒಂದೇ. ಹಾಡಿದ್ದರೆ ಕಳೆದುಕೊಳ್ಳುತ್ತಿದ್ದುದೇನು? ರಾಷ್ಟ್ರಗೀತೆಯನ್ನು ಪೂರ್ತಿ ಹಾಡಲು ಬೇಕಾದದ್ದು 52 ಸೆಕೆಂಡು. ಪ್ರಶ್ನೆ ಅನ್ಯಾಯದ್ದೇನಲ್ಲ. ಆದರೆ ಅದನ್ನು ತಿರುಗಿಸಿಯೂ ಕೇಳಬಹುದು. ಮೂವರು ಮಕ್ಕಳು ಹಾಡದಿದ್ದರೆ ದೇಶ ಕಳೆದುಕೊಳ್ಳುತ್ತಿದ್ದುದೇನು? ಇದಕ್ಕೆ ಉತ್ತರ ಹುಡುಕುವ ಮೊದಲು, ಶಾಲೆಯ ಅಂಗಳಕ್ಕೆ ಈ ಆಚರಣೆಗಳು ಬಂದದ್ದು ಹೇಗೆ ಎಂದು ನೋಡುವುದು ಒಳ್ಳೆಯದು. ಅವು ಅನಾದಿಯಿಂದ ಬಂದವಲ್ಲ. ಪ್ರತಿಯೊಂದಕ್ಕೂ ಹುಟ್ಟಿದ ವರ್ಷವಿದೆ, ಹುಟ್ಟಿಸಿದವರ ಹೆಸರಿದೆ.

ಅಮೆರಿಕದ ಮಕ್ಕಳು ಧ್ವಜದ ಮುಂದೆ ಹೇಳುವ ನಿಷ್ಠಾವಚನವನ್ನೇ ತೆಗೆದುಕೊಳ್ಳಿ. ಅದನ್ನು 1892ರಲ್ಲಿ ಬರೆದವನು ಫ್ರಾನ್ಸಿಸ್ ಬೆಲ್ಲಮಿ ಎಂಬ ಪಾದ್ರಿ. ಕೊಲಂಬಸ್ ಆ ಖಂಡವನ್ನು ಮುಟ್ಟಿದ ನಾನೂರನೆಯ ವರ್ಷದ ಉತ್ಸವಕ್ಕೆಂದು ಬಾಸ್ಟನ್ನಿನ ಒಂದು ಮಕ್ಕಳ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಆ ಪತ್ರಿಕೆ ಶಾಲೆಗಳಿಗೆ ಧ್ವಜ ಮಾರುವ ವ್ಯವಹಾರವನ್ನೂ ನಡೆಸುತ್ತಿತ್ತು ಎಂಬುದು ಸ್ವಾರಸ್ಯದ ಸಂಗತಿ. ಮೊದಲಿಗೆ ಮಕ್ಕಳು ಬಲಗೈಯನ್ನು ಧ್ವಜದತ್ತ ನೀಳವಾಗಿ ಚಾಚಿ ವಂದಿಸುತ್ತಿದ್ದರು. ಹಿಟ್ಲರನ ಅನುಯಾಯಿಗಳ ವಂದನೆಯೂ ಹಾಗೇ ಕಾಣತೊಡಗಿದಾಗ ಮುಜುಗರವಾಗಿ, 1942ರ ಡಿಸೆಂಬರಿನಲ್ಲಿ ಕೈಯನ್ನು ಎದೆಯ ಮೇಲಿಡುವ ಪದ್ಧತಿ ತರಲಾಯಿತು. ‘ದೇವರ ಅಧೀನದಲ್ಲಿ’ ಎಂಬ ಅರ್ಥದ ಮಾತು ಸೇರಿದ್ದು 1954ರಲ್ಲಿ, ಕಮ್ಯುನಿಸ್ಟ್ ರಷ್ಯಾದೊಡನೆ ಶೀತಲ ಸಮರ ಕಾವೇರಿದ್ದಾಗ.

ಅಲ್ಲಿಯೂ ಯೆಹೋವನ ಸಾಕ್ಷಿಗಳ ಮಕ್ಕಳೇ ಶಾಲೆಯಿಂದ ಹೊರಬಿದ್ದರು. ಪೆನ್ಸಿಲ್ವೇನಿಯಾದ ಒಂದು ಗಣಿ ಊರಿನ ಅಕ್ಕ-ತಮ್ಮನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1940ರ ಜೂನಿನಲ್ಲಿ ಎಂಟಕ್ಕೆ ಒಂದು ಮತದಿಂದ ಶಾಲೆಯ ಪರವಾಗಿ ತೀರ್ಪಿತ್ತಿತು. ರಾಷ್ಟ್ರದ ಒಗ್ಗಟ್ಟು ದೊಡ್ಡದು, ಅದನ್ನು ಬೆಳೆಸುವ ಬಗೆಯನ್ನು ಶಾಲಾ ಮಂಡಳಿಗಳಿಗೇ ಬಿಡಬೇಕು ಎಂಬುದು ಅದರ ವಾದ. ಆ ತೀರ್ಪಿನ ಬೆನ್ನಲ್ಲೇ ಆ ಪಂಥದವರ ಮೇಲೆ ಹಲವು ಊರುಗಳಲ್ಲಿ ಗುಂಪುಗಳು ಎರಗಿದವು, ಅವರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು. ಮೂರೇ ವರ್ಷಗಳಲ್ಲಿ, 1943ರ ಜೂನ್ 14ರಂದು, ಅದೇ ನ್ಯಾಯಾಲಯ ವೆಸ್ಟ್ ವರ್ಜೀನಿಯಾದ ಇನ್ನೊಂದು ಪ್ರಕರಣದಲ್ಲಿ ತನ್ನ ತೀರ್ಪನ್ನು ತಾನೇ ಬದಲಿಸಿತು. ಆ ದಿನ ಅಮೆರಿಕದಲ್ಲಿ ಧ್ವಜ ದಿನ; ದೇಶ ಮಹಾಯುದ್ಧದ ನಡುವೆ ಇತ್ತು. ಮೊದಲು ಶಾಲೆಯ ಪರ ನಿಂತಿದ್ದ ಮೂವರು ನ್ಯಾಯಮೂರ್ತಿಗಳು ತಮ್ಮ ನಿಲುವು ತಪ್ಪಾಗಿತ್ತೆಂದು ಬಹಿರಂಗವಾಗಿ ಹೇಳಿದ್ದರು. ಬಲವಂತದಿಂದ ಹೇಳಿಸಿದ ಮಾತಿನಲ್ಲಿ ನಿಷ್ಠೆ ಹುಟ್ಟುವುದಿಲ್ಲ, ಯಾವ ಅಭಿಪ್ರಾಯ ಸರಿಯೆಂದು ವಿಧಿಸುವ ಅಧಿಕಾರ ಸರ್ಕಾರದ ಯಾವ ಅಧಿಕಾರಿಗೂ ಇಲ್ಲ ಎಂಬ ಅರ್ಥದ ಮಾತುಗಳನ್ನು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದರು. ಕೇರಳದ ಮಕ್ಕಳ ಪ್ರಕರಣದಲ್ಲಿ ನಮ್ಮ ನ್ಯಾಯಾಲಯ ಪರಿಶೀಲಿಸಿದ ವಿದೇಶೀ ತೀರ್ಪುಗಳಲ್ಲಿ ಇವೆರಡೂ ಇದ್ದವು.

ಆಚರಣೆ ಪ್ರಶ್ನೆಗೆ ಎಡೆಯಿಲ್ಲದಷ್ಟು ಗಟ್ಟಿಯಾದರೆ ಏನಾಗುತ್ತದೆ ಎಂಬುದನ್ನು ಜಪಾನಿನ ಶಾಲೆಗಳು ಕಂಡಿವೆ. 1890ರಲ್ಲಿ ಅಲ್ಲಿನ ಚಕ್ರವರ್ತಿಯ ಹೆಸರಿನಲ್ಲಿ ಶಿಕ್ಷಣದ ರಾಜಾಜ್ಞೆಯೊಂದು ಹೊರಟಿತು. ಶಾಲೆ ಶಾಲೆಗೂ ಅದರ ಪ್ರತಿ ಹೋಯಿತು. ಹಬ್ಬದ ದಿನಗಳಲ್ಲಿ ಮುಖ್ಯೋಪಾಧ್ಯಾಯರು ಅದನ್ನು ಓದುವಾಗ ಮಕ್ಕಳು ತಲೆ ತಗ್ಗಿಸಿ ನಿಲ್ಲಬೇಕು. 1891ರ ಜನವರಿಯಲ್ಲಿ ಟೋಕಿಯೋದ ಉಚಿಮುರಾ ಕಾನ್‌ಜೋ ಎಂಬ ಅಧ್ಯಾಪಕರು ಆ ಆಜ್ಞಾಪತ್ರಕ್ಕೆ ಸಾಕಷ್ಟು ಬಗ್ಗಲಿಲ್ಲವೆಂದು ಗದ್ದಲವೆದ್ದು ಕೆಲಸ ಕಳೆದುಕೊಂಡರು. ಬಗ್ಗಲೇ ಇಲ್ಲ ಎಂದಲ್ಲ, ಸಾಕಷ್ಟು ಬಗ್ಗಲಿಲ್ಲ! ಮುಂದೆ ಆಜ್ಞಾಪತ್ರವನ್ನೂ ಚಕ್ರವರ್ತಿಯ ಭಾವಚಿತ್ರವನ್ನೂ ಇಡಲು ಶಾಲೆಯ ಆವರಣದಲ್ಲಿ ಪ್ರತ್ಯೇಕ ಗುಡಿಗಳೇ ಎದ್ದವು. ಬೆಂಕಿ ಬಿದ್ದ ಶಾಲೆಯೊಳಗಿನಿಂದ ಭಾವಚಿತ್ರವನ್ನು ಉಳಿಸಲು ಹೋಗಿ ಸತ್ತ ಮುಖ್ಯೋಪಾಧ್ಯಾಯರೂ ಇದ್ದರು.

1945ರಲ್ಲಿ ಜಪಾನ್ ಸೋತಿತು. ಹೊಸ ಪಠ್ಯಪುಸ್ತಕ ಅಚ್ಚು ಹಾಕುವಷ್ಟು ಕಾಗದವೂ ಇರಲಿಲ್ಲ, ಸಮಯವೂ ಇರಲಿಲ್ಲ. ಆ ಶರತ್ಕಾಲದಲ್ಲಿ ಮಕ್ಕಳು ಕುಂಚ ಮತ್ತು ಮಸಿ ಹಿಡಿದು ಕುಳಿತು, ಮೇಷ್ಟ್ರು ಹೇಳಿದ ಸಾಲುಗಳ ಮೇಲೆಲ್ಲ ಕಪ್ಪು ಬಳಿದರು. ನಿನ್ನೆಯವರೆಗೆ ಬಾಯಿಪಾಠ ಮಾಡಿಸಿದವರೂ ಇಂದು ಅಳಿಸಲು ಹೇಳಿದವರೂ ಅದೇ ಮೇಷ್ಟ್ರುಗಳು. ಮಕ್ಕಳು ಎರಡನ್ನೂ ಅಷ್ಟೇ ವಿಧೇಯತೆಯಿಂದ ಮಾಡಿದರು. ಆ ತಲೆಮಾರಿನ ಅನೇಕರಿಗೆ ಹಿರಿಯರ ಮಾತಿನಲ್ಲಿ ನಂಬಿಕೆ ಮುರಿದದ್ದು ಆ ದಿನಗಳಲ್ಲಿ.

ಈ ಜಪಾನಿಗೆ 1916ರಲ್ಲಿಯೇ ಹೋಗಿ, ರಾಷ್ಟ್ರವನ್ನು ದೇವರ ಪೀಠದಲ್ಲಿ ಕೂರಿಸಬೇಡಿ ಎಂದು ಎಚ್ಚರಿಸಿ ಬಂದವರು ರವೀಂದ್ರನಾಥ ಠಾಕೂರರು. ಸಂಭ್ರಮದಿಂದ ಬರಮಾಡಿಕೊಂಡ ಜನ ಆ ಮಾತು ಕೇಳಿದ ಮೇಲೆ ತಣ್ಣಗಾದರು. ಸೋತ ನಾಡಿನ ಕವಿ ಇನ್ನೇನು ಹೇಳಿಯಾನು ಎಂದು ಹಂಗಿಸಿದವರೂ ಇದ್ದರು. ಆ ಭಾಷಣಗಳು ಮರುವರ್ಷ ಪುಸ್ತಕವಾದವು. ಅದಕ್ಕೆ ಐದು ವರ್ಷ ಮೊದಲು, 1911ರ ಡಿಸೆಂಬರ್ 27ರಂದು ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲ ಬಾರಿ ಹಾಡಲಾದ ಅವರ ಗೀತೆಯೇ 1950ರ ಜನವರಿ 24ರಂದು ನಮ್ಮ ರಾಷ್ಟ್ರಗೀತೆಯಾಯಿತು. ಶಾಂತಿನಿಕೇತನದಲ್ಲಿ ಮರದ ನೆರಳಿಗೆ ತರಗತಿಗಳನ್ನು ತಂದ ಇದೇ ಕವಿ, ಪುಟಗಳನ್ನು ಗಂಟಲಿಗೆ ತುರುಕಿಸಿಕೊಂಡು ಸತ್ತ ಗಿಳಿಯ ಕಥೆಯನ್ನೂ ಬರೆದಿದ್ದಾರೆ.

ಕರ್ನಾಟಕದ ಮಕ್ಕಳ ಪಾಲಿಗೆ ಇಂಥ ಕವಿಗಳು ಇಬ್ಬರು. 2004ರ ಜನವರಿ 6ರಂದು ನಾಡಗೀತೆಯಾಗಿ ಘೋಷಣೆಯಾದ ಗೀತೆ ಕುವೆಂಪು ಅವರದು. ‘ನಿರಂಕುಶಮತಿಗಳಾಗಿ’ ಎಂದು ತರುಣರನ್ನು ಕರೆದವರೂ ಅವರೇ. ನಾಡಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕು, ಎಷ್ಟು ನಿಮಿಷ ಹಾಡಬೇಕು ಎಂಬ ಬಗ್ಗೆ ವರ್ಷಗಟ್ಟಲೆ ಚರ್ಚೆ ನಡೆದು 2022ರಲ್ಲಿ ಸರ್ಕಾರ ತೀರ್ಮಾನ ಕೊಟ್ಟಿತು. ಹಾಡುವ ಮಗುವಿಗೆ ಅದರಲ್ಲಿ ಬರುವ ಹೆಸರುಗಳು ಯಾರವು ಎಂದು ಗೊತ್ತಿದೆಯೇ ಎಂಬ ಬಗ್ಗೆ ಅಷ್ಟು ಚರ್ಚೆ ನಡೆದಂತಿಲ್ಲ.

ಇನ್ನು ಪ್ರತಿಜ್ಞೆ. ಪಠ್ಯಪುಸ್ತಕದ ಮೊದಲ ಪುಟಗಳಲ್ಲಿರುವ, ಭಾರತವನ್ನು ತಾಯ್ನಾಡೆಂದೂ ಭಾರತೀಯರೆಲ್ಲರನ್ನೂ ಒಡಹುಟ್ಟಿದವರೆಂದೂ ಹೇಳುವ ಆ ಮಾತುಗಳನ್ನು ಬರೆದವರು ಯಾರೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಹಿರಿಯರೂ ತಡವರಿಸುತ್ತಾರೆ. ಬರೆದವರು ನಲ್ಗೊಂಡ ಜಿಲ್ಲೆಯ ಪೈಡಿಮರ್ರಿ ವೆಂಕಟ ಸುಬ್ಬರಾವ್. ವಿಶಾಖಪಟ್ಟಣದಲ್ಲಿ ಖಜಾನೆಯ ಅಧಿಕಾರಿಯಾಗಿದ್ದವರು. ಚೀನಾ ಯುದ್ಧದ ವರ್ಷವಾದ 1962ರಲ್ಲಿ ತೆಲುಗಿನಲ್ಲಿ ಬರೆದರು. 1964ರಲ್ಲಿ ಎಂ.ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯ ಸಭೆ ಸೇರಿದ್ದು ನಮ್ಮ ಬೆಂಗಳೂರಿನಲ್ಲಿ. ಪ್ರತಿಜ್ಞೆಯನ್ನು ಎಲ್ಲ ಶಾಲೆಗಳಲ್ಲಿ ಹೇಳಿಸಬೇಕೆಂಬ ತೀರ್ಮಾನ ಆಗ ಆಯಿತು. 1965ರ ಜನವರಿ 26ರಿಂದ ಅದು ದೇಶದ ಮಕ್ಕಳ ಬಾಯಿಗೆ ಬಂತು. ಬರೆದವರ ಹೆಸರು ಮಾತ್ರ ದೀರ್ಘಕಾಲ ಪುಸ್ತಕದಲ್ಲಿರಲಿಲ್ಲ.

‘ಎಲ್ಲರೂ ಒಡಹುಟ್ಟಿದವರಾದರೆ ಮದುವೆ ಯಾರನ್ನಾಗುವುದು ಸಾರ್?’ ಎಂಬ ಪ್ರಶ್ನೆ ಈ ಪ್ರತಿಜ್ಞೆಯಷ್ಟೇ ಹಳೆಯದು. ತಲೆಮಾರಿಗೊಬ್ಬ ಹುಡುಗ ಅದನ್ನು ಕೇಳುತ್ತಾನೆ, ತರಗತಿ ಗೊಳ್ಳೆಂದು ನಗುತ್ತದೆ, ಹುಡುಗನಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ಅಷ್ಟೂ ಮಕ್ಕಳಲ್ಲಿ ಪ್ರತಿಜ್ಞೆಯ ಅರ್ಥದ ಕಡೆ ಗಮನ ಕೊಟ್ಟವನು ಅವನೊಬ್ಬನೇ ಎಂಬುದು ಮೇಷ್ಟ್ರಿಗೆ ಹೊಳೆಯುವುದಿಲ್ಲ. ಒಡಹುಟ್ಟು ಎಂಬ ಮಾತನ್ನು ರಕ್ತಸಂಬಂಧದ ಆಚೆಗೆ ಯಾವ ಅರ್ಥದಲ್ಲಿ ಬಳಸುತ್ತೇವೆ, ಹಾಗೆ ಕರೆದವರೊಡನೆ ಒಂದೇ ಕೆರೆಯ ನೀರು ಕುಡಿಯಲು ನಮ್ಮ ಊರಲ್ಲಿ ಯಾರಿಗೆ ಅಡ್ಡಿಯಿತ್ತು ಎಂದು ಅಲ್ಲಿಂದಲೇ ಪಾಠ ತೆಗೆಯಬಹುದಿತ್ತು.

ದೇಶಪ್ರೇಮ ಬೇಕಾದರೆ ಪ್ರಶ್ನೆ ಬೇಡ, ಪ್ರಶ್ನೆ ಬೇಕಾದರೆ ದೇಶಪ್ರೇಮ ಸಡಿಲ ಎಂಬ ಲೆಕ್ಕಾಚಾರ ನಮ್ಮಲ್ಲಿ ಹೇಗೋ ಬೇರೂರಿದೆ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರನ್ನು ನೆನೆದರೆ ಈ ಲೆಕ್ಕ ತಪ್ಪುತ್ತದೆ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದ ಈ ಖಾದಿಧಾರಿಯೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದು. ಅದೇ 1976ರಲ್ಲಿ 42ನೆಯ ತಿದ್ದುಪಡಿ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳನ್ನು ಸೇರಿಸಿತು. ಆ 51-ಎ ವಿಧಿಯ ಮೊದಲ ಕರ್ತವ್ಯದಲ್ಲಿ ರಾಷ್ಟ್ರಧ್ವಜ, ರಾಷ್ಟ್ರಗೀತೆಗಳ ಗೌರವ ಬರುತ್ತದೆ. ಅದೇ ಪಟ್ಟಿಯ ಎಂಟನೆಯ ಕರ್ತವ್ಯ ವೈಜ್ಞಾನಿಕ ಮನೋಭಾವವನ್ನೂ ಮಾನವೀಯತೆಯನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು. ಮೊದಲನೆಯದಕ್ಕೆ ಶಾಲೆಯಲ್ಲಿ ದಿನವೂ ಗಂಟೆ ಬಾರಿಸುತ್ತದೆ. ಎಂಟನೆಯದಕ್ಕೆ ವೇಳಾಪಟ್ಟಿಯಲ್ಲಿ ಜಾಗವೇ ಇಲ್ಲ.

ಸಾಲಾಗಿ ನಿಂತು ಒಟ್ಟಿಗೆ ಹಾಡುವುದರಲ್ಲಿ ಸೊಗಸಿದೆ. ಸಾಹುಕಾರರ ಮಗಳೂ ಕೂಲಿಯವರ ಮಗನೂ ಒಂದೇ ಧಾಟಿಯಲ್ಲಿ ದನಿ ಸೇರಿಸುವ ಹೊತ್ತು ಊರಿನ ಬದುಕಿನಲ್ಲಿ ಬೇರೆಲ್ಲೂ ಸಿಗದಿರಬಹುದು. ಅದನ್ನು ನಿಲ್ಲಿಸಬೇಕಾದ ಕಾರಣವಿಲ್ಲ. ದನಿ ಸೇರಿಸದ ಒಬ್ಬನನ್ನು ಕಂಡಾಗ ಉಳಿದವರಿಗೆ ಏನನ್ನಿಸಬೇಕೆಂದು ಶಾಲೆ ಕಲಿಸುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

2023ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯ ಓದನ್ನು ಕಡ್ಡಾಯಗೊಳಿಸಿತು. ಅದೂ ಇನ್ನೊಂದು ಬಾಯಿಪಾಠವಾಗುವ ಅಪಾಯ ಇದ್ದೇ ಇದೆ. ಆದರೆ ಅದರಲ್ಲಿ ವಿಚಾರ ಸ್ವಾತಂತ್ರ್ಯದ ಮಾತಿದೆ, ನಂಬಿಕೆಯ ಸ್ವಾತಂತ್ರ್ಯದ ಮಾತಿದೆ. ಕೊಟ್ಟಾಯಂನ ಮೂವರು ಮಕ್ಕಳ ಕಥೆ ಈ ಎರಡಕ್ಕೂ ಸಿದ್ಧ ಉದಾಹರಣೆ. ಎಂಟನೆಯ ತರಗತಿಗೆ ಒಂದು ಪಿರಿಯಡ್ಡಿನಲ್ಲಿ ಹೇಳಿ ಮುಗಿಸಬಹುದು. ಮುಖ್ಯೋಪಾಧ್ಯಾಯಿನಿಯ ಪರ ಕೆಲವರು, ಮಕ್ಕಳ ಪರ ಕೆಲವರು ಮಾತನಾಡಲಿ. ಕೋರ್ಟು ಏನು ಹೇಳಿತು ಎಂಬುದನ್ನು ಮೇಷ್ಟ್ರು ಕೊನೆಯ ಐದು ನಿಮಿಷದವರೆಗೆ ತಮ್ಮಲ್ಲೇ ಇಟ್ಟುಕೊಂಡಿರಬೇಕು.