ವೈರ್ ಇಲ್ಲದ ಹೆಡ್ಜ್ ಟ್ರಿಮ್ಮರ್: ವೋಲ್ಟ್ ಅಲ್ಲ, ಹಲ್ಲು ನೋಡಿ

ಹೆಡ್ಜ್ ಟ್ರಿಮ್ಮರ್ ತಗೊಳ್ಳುವಾಗ ನಾನೂ 18 ವೋಲ್ಟಾ, 20 ವೋಲ್ಟಾ ಅಂತ ತಲೆ ಕೆಡಿಸ್ಕೊಂಡಿದ್ದೆ. ಸಾಮಾನ್ಯವಾಗಿ ಎರಡರಲ್ಲೂ ಸಾಲಾಗಿ ಜೋಡಿಸಿರೋದು ಐದು ಲಿಥಿಯಂ ಸೆಲ್‌ಗಳನ್ನೇ. ಫುಲ್ ಚಾರ್ಜ್ ಆದಾಗ 20, ಕೆಲಸ ಮಾಡುವಾಗ ಸುಮಾರು 18, ಅಷ್ಟೇ. ನೋಡಬೇಕಾದ್ದು ಬ್ಲೇಡಿನ ಹಲ್ಲುಗಳ ನಡುವಿನ ಸಂದು. ನಮ್ಮನೆ ದಾಸವಾಳದ ಬೇಲಿಯಲ್ಲಿ ಹೆಬ್ಬೆರಳು ದಪ್ಪದ ಕೊಂಬೆಗಳಿವೆ. 16 ಮಿಲಿಮೀಟರ್ ಸಂದಿಗೆ ಅವು ನುಗ್ಗಲ್ಲ. ಅದಕ್ಕೆ ಹಳೇ ಕತ್ತರಿಯೇ ಸೈ. ತೂಕವನ್ನೂ ಅಂಗಡಿಯಲ್ಲೇ, ಬ್ಯಾಟರಿ ಹಾಕಿಸಿ, ಎತ್ತಿ ಹಿಡಿದು ನೋಡಿ.

ಒಂದ್ಸಲ ಬ್ಲೇಡಿಗೆ ಕಡ್ಡಿ ಸಿಕ್ಕಿಕೊಂಡಿತ್ತು. ಸ್ವಿಚ್ ಬಿಟ್ಟಿದ್ದೀನಲ್ಲ ಅಂತ ಬೆರಳಲ್ಲೇ ಎಳೆಯೋಕೆ ಹೋದೆ. "ಏ, ಮೊದ್ಲು ಬ್ಯಾಟರಿ ತೆಗಿಯೋ!" ಅಂತ ಅಮ್ಮ ಕೂಗಿದ್ರು. ವೈರಿನದಾದ್ರೆ ಪ್ಲಗ್ ಕೀಳಬಹುದು, ಇದರಲ್ಲಿ ಕರೆಂಟ್ ಕೈಯಲ್ಲೇ ಇರುತ್ತೆ. ಈಗ ಬ್ಯಾಟರಿ ತೆಗೆದು ಕೆಳಗಿಟ್ಟ ಮೇಲೇನೇ ಬ್ಲೇಡಿಗೆ ಕೈ ಹಾಕೋದು.